ಫೋನನ್ನು ಕಸಿದುಕೊಳ್ಳಬಹುದು, ಭಯವನ್ನು ಯಾರು ತೆಗೆಯುವರು?

ಪೆರೇಸಂದ್ರದಂತಹ ಹೆದ್ದಾರಿ ಬದಿಯ ಊರಿನಲ್ಲಾಗಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಮೊಹಲ್ಲಾಗಳಲ್ಲಾಗಲಿ, ಜುಮಾ ನಮಾಝ್ ಮುಗಿಸಿ ಹೊರಬಂದ ನಾಲ್ವರು ಹಿರಿಯರು ಮಾತಿಗೆ ನಿಂತರೆ ಒಂದು ದೂರು ಬಾರದೆ ಇರುವುದಿಲ್ಲ. ಫೋನು ನಮ್ಮ ಮಕ್ಕಳನ್ನು ಹಾಳುಮಾಡಿತು ಎಂಬುದೇ ಆ ದೂರು. ಅದರ ಬೆನ್ನಿಗೇ ಪರಿಹಾರವೂ ಸಿದ್ಧವಿರುತ್ತದೆ. ಹುಡುಗನಾದರೆ ಒಂದು ಬೈಗುಳ, ಎರಡು ಏಟು. ಹುಡುಗಿಯಾದರೆ ಫೋನನ್ನು ಕಸಿದುಕೊಳ್ಳುವುದು. ಅಷ್ಟಕ್ಕೇ ಸಮಾಧಾನವಾಗದಿದ್ದರೆ ಕಾಲೇಜು ಬಿಡಿಸುವುದು. ಅದೂ ಸಾಲದೆನಿಸಿದರೆ ಅವಸರದಲ್ಲಿ ಸಂಬಂಧ ಹುಡುಕುವುದು.

ದೂರಿನಲ್ಲಿ ಸತ್ಯವಿದೆ, ಪರಿಹಾರದಲ್ಲಿ ಇಲ್ಲ. ಸಾಮಾಜಿಕ ಜಾಲತಾಣಗಳು ಹದಿಹರೆಯದ ಮನಸ್ಸಿಗೆ ಎಸಗುವ ಹಾನಿ ನಿಜವಾದುದು. ಆದರೆ ಆ ಹಾನಿಯನ್ನು ಹಲವು ಪಟ್ಟು ಹೆಚ್ಚಿಸುವ ಇನ್ನೊಂದು ಸಂಗತಿ ನಮ್ಮ ಮನೆಗಳ ಒಳಗೇ ಇದೆ. ಫೋನಿನಲ್ಲಿ ನಡೆದುದನ್ನು ತಂದೆತಾಯಿಗೆ ಹೇಳಲು ಮಕ್ಕಳಿಗಿರುವ ಭಯವೇ ಅದು. ಈ ಭಯವನ್ನು ತೆಗೆಯದೆ ಫೋನನ್ನಷ್ಟೇ ತೆಗೆದರೆ ಮಗು ಸುರಕ್ಷಿತವಾಗುವುದಿಲ್ಲ, ಒಂಟಿಯಾಗುತ್ತದೆ. ನಾವು ಹೇಳಹೊರಟಿರುವುದು ಇಷ್ಟೇ.

ಫೋನು ಮಕ್ಕಳ ಕೈಗೆ ಬಂದ ಬಗೆಯನ್ನು ಮೊದಲು ನೆನಪಿಸಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದವು. ಮಗುವಿನ ವಿದ್ಯೆ ನಿಲ್ಲಬಾರದೆಂದು ಕೂಲಿಯ ಮನೆಗಳೂ ಸಾಲ ಮಾಡಿ ಫೋನು ತಂದವು. ಅದೇ ವರ್ಷ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕ್ ಅನ್ನು ನಿಷೇಧಿಸಿತು. ಜುಲೈಯಲ್ಲೇ ಇನ್‌ಸ್ಟಾಗ್ರಾಮ್ ತನ್ನ ರೀಲ್ಸ್ ಅನ್ನು ಭಾರತದಲ್ಲಿ ಆರಂಭಿಸಿತು. ಹೆಸರು ಬದಲಾಯಿತು, ಚಟ ಬದಲಾಗಲಿಲ್ಲ. ಶಾಲೆಗಳು ತೆರೆದ ಮೇಲೂ ಫೋನು ಮನೆಯಲ್ಲೇ ಉಳಿಯಿತು. ದೇಶದ ಗ್ರಾಮೀಣ ಮಕ್ಕಳ ಕುರಿತಾದ 'ಅಸರ್' 2024ರ ವರದಿಯ ಪ್ರಕಾರ 14ರಿಂದ 16ರ ವಯಸ್ಸಿನವರಲ್ಲಿ ಶೇ. 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಕಲಿಕೆಗಾಗಿ ಅದನ್ನು ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76.

ನಮ್ಮ ಭಾಗದ ಮುಸ್ಲಿಮ್ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಮನೆಮಾತು ದಖ್ಖನಿ ಉರ್ದು, ಸಂತೆಯ ಮಾತು ತೆಲುಗು, ಶಾಲೆಯದ್ದು ಕನ್ನಡ, ಫೋನಿನದ್ದು ಇಂಗ್ಲಿಷ್. ಬ್ಯಾಂಕಿನ ಸಂದೇಶ ಓದುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಹಣ ಕಳುಹಿಸುವುದು, ಎಲ್ಲವೂ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಮಗುವಿನ ಪಾಲಿನ ಕೆಲಸ. ಮನೆಯ ಗುಮಾಸ್ತನೇ ಆ ಮಗು. ಯಾರು ಕಾವಲು ಕಾಯಬೇಕೋ ಅವರಿಗೆ ಆ ಕೋಣೆಯ ಬಾಗಿಲು ಎಲ್ಲಿದೆ ಎಂಬುದೇ ತಿಳಿಯದು. ಹೀಗಿರುವಾಗ 'ಮಕ್ಕಳು ಹಾಳಾದರು' ಎಂದು ಮಕ್ಕಳ ಕಡೆಗೆ ಮಾತ್ರ ಬೆರಳು ತೋರಿಸುವುದು ನ್ಯಾಯವೇ?

ಇನ್ನು ಆ ಕೋಣೆಯೊಳಗೆ ಏನಿದೆ ಎಂದು ನೋಡೋಣ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ ಹಿಡಿದು, ತುಂಡಾಗದಂತೆ ನೂರಾರು ಮೀಟರ್ ಬಿಚ್ಚುತ್ತಾ ಹೋಗುತ್ತಾರೆ. ಎಳೆ ಮುಗಿದಾಗ ಉಳಿಯುವುದು ಸತ್ತ ಹುಳು. ಜಾಲತಾಣದ ಯಂತ್ರ ಮನುಷ್ಯನ ಗಮನವನ್ನು ಹೀಗೆಯೇ ಬಿಚ್ಚುತ್ತದೆ. ಒಂದು ವ್ಯತ್ಯಾಸವೆಂದರೆ ಗೂಡಿನ ಎಳೆಗೆ ಕೊನೆಯಿದೆ, ರೀಲ್ಸ್‌ಗೆ ಕೊನೆಯಿಲ್ಲ. ಬೆರಳು ಮೇಲೆ ಸರಿದಷ್ಟೂ ಮುಂದಿನದು ಬರುತ್ತದೆ. ಇದು ಆಕಸ್ಮಿಕವಲ್ಲ. ಫೇಸ್‌ಬುಕ್‌ನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಿದರು. ಬಳಕೆದಾರರ ಸಮಯ ಮತ್ತು ಗಮನವನ್ನು ಆದಷ್ಟು ಹೆಚ್ಚು ಕಬಳಿಸುವುದು ಹೇಗೆಂಬ ಯೋಚನೆಯಿಂದಲೇ ಇಂತಹ ತಾಣಗಳು ರೂಪುಗೊಂಡವು, ಮನುಷ್ಯ ಮನಸ್ಸಿನ ದೌರ್ಬಲ್ಯವನ್ನು ತಿಳಿದೇ ಬಳಸಿಕೊಳ್ಳಲಾಯಿತು ಎಂಬುದು ಅವರ ಮಾತಿನ ಸಾರ.

ಆ ದೌರ್ಬಲ್ಯಗಳಲ್ಲಿ ಮುಖ್ಯವಾದುದು ಹೋಲಿಕೆ. ಪ್ರವಾದಿವರ್ಯರು(ಸ) ಲೌಕಿಕ ಅನುಗ್ರಹಗಳ ವಿಷಯದಲ್ಲಿ ನಮಗಿಂತ ಮೇಲಿರುವವರನ್ನಲ್ಲ, ಕೆಳಗಿರುವವರನ್ನು ನೋಡಬೇಕೆಂದು ಬೋಧಿಸಿದರು. ಅಲ್ಲಾಹನ ಅನುಗ್ರಹವನ್ನು ಕಡೆಗಣಿಸದಿರಲು ಅದೇ ದಾರಿ ಎಂದರು. ಇನ್‌ಸ್ಟಾಗ್ರಾಮ್ ಈ ಬೋಧನೆಯನ್ನು ತಲೆಕೆಳಗು ಮಾಡುತ್ತದೆ. ಹದಿನೈದು ವರ್ಷದ ಹುಡುಗಿ ದಿನವಿಡೀ ತನಗಿಂತ ಚೆಲುವೆಯರನ್ನು, ಶ್ರೀಮಂತೆಯರನ್ನು, ಬಣ್ಣ ತಿದ್ದಿದ ಮುಖಗಳನ್ನು ನೋಡುತ್ತಾಳೆ. ಹುಡುಗ ದುಬಾರಿ ಬೈಕುಗಳನ್ನು, ಜಿಮ್‌ನಲ್ಲಿ ಬೆಳೆಸಿದ ಮೈಗಳನ್ನು ನೋಡುತ್ತಾನೆ. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ ಆ ಸಂಸ್ಥೆಯ ಆಂತರಿಕ ದಾಖಲೆಗಳನ್ನು ಹೊರಗೆಡಹಿದರು. ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಕೀಳರಿಮೆಯನ್ನು ಇನ್‌ಸ್ಟಾಗ್ರಾಮ್ ಹೆಚ್ಚಿಸುತ್ತಿದೆ ಎಂದು ಅವುಗಳಲ್ಲೊಂದು ಹೇಳುತ್ತಿತ್ತು. ಆ ಮಾತಿಗೆ ಇಂತಹ ಅರ್ಥ ಬರುವುದಿಲ್ಲವೆಂದು ಸಂಸ್ಥೆ ವಾದಿಸಿತು. 2023ರಲ್ಲಿ ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು.

ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ ಒಂದು ಎಚ್ಚರಿಕೆಯನ್ನು ಹೊರಡಿಸಿದರು. ಇವರ ಮನೆತನದ ಮೂಲ ನಮ್ಮದೇ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಇಮ್ಮಡಿಯಾಗಿರುತ್ತದೆ ಎಂದು ಅದರಲ್ಲಿ ಹೇಳಲಾಗಿತ್ತು. ಸಂಶೋಧಕರಲ್ಲಿ ಈ ಕುರಿತು ಇನ್ನೂ ಚರ್ಚೆಯಿದೆ. ಖಿನ್ನತೆಯಿಂದಾಗಿ ಮಗು ಫೋನಿಗೆ ಅಂಟಿಕೊಂಡಿತೇ, ಫೋನಿನಿಂದಾಗಿ ಖಿನ್ನತೆ ಬಂತೇ ಎಂಬುದು ಪ್ರತಿ ಮಗುವಿನಲ್ಲೂ ಒಂದೇ ರೀತಿಯಲ್ಲಿರದು. ಆದರೆ ಹೊಗೆಯ ಕಾರಣವನ್ನು ಚರ್ಚಿಸುತ್ತಾ ಮಗುವನ್ನು ಒಳಗೇ ಬಿಡುವ ತಂದೆ ಯಾರೂ ಇರಲಾರರು. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಚಟದ ಚಿಕಿತ್ಸೆಗೆಂದೇ 2014ರಲ್ಲಿ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು.

ನಿದ್ರೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹದಿಹರೆಯದವರಿಗೆ ರಾತ್ರಿ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಇಶಾ ನಮಾಝ್‌ಗೆ ಮುಂಚೆ ನಿದ್ರಿಸುವುದನ್ನೂ ಇಶಾದ ಬಳಿಕ ಹರಟೆಯಲ್ಲಿ ಕೂರುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿ ಗ್ರಂಥದಲ್ಲಿ ವರದಿಯಾಗಿದೆ. ಇಂದು ಹೊದಿಕೆಯೊಳಗೆ ನಡೆಯುವ ಹರಟೆಗೆ ಜೊತೆಗಾರರೇ ಬೇಕಿಲ್ಲ. ಒಂದು ಗಂಟೆಗೆ ಮಲಗಿದ ಮಗು ಫಜ್ರ್‌ಗೆ ಏಳಲಾರದು, ತರಗತಿಯಲ್ಲಿ ತೂಕಡಿಸುತ್ತದೆ, ಸಣ್ಣ ಮಾತಿಗೂ ಸಿಡುಕುತ್ತದೆ. ನಾವು ಅದನ್ನು 'ಅಹಂಕಾರ' ಎನ್ನುತ್ತೇವೆ. ಎಷ್ಟೋ ಸಲ ಅದು ಬರೀ ನಿದ್ರೆಗೇಡು.

ಮುಸ್ಲಿಮ್ ಮಗುವಿನ ಹೆಗಲ ಮೇಲೆ ಇನ್ನೂ ಒಂದು ಹೊರೆಯಿದೆ. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ಹಿಜಾಬ್ ತೆಗೆಯಬೇಕಾಗಿ ಬಂದ ಹುಡುಗಿಯರ ದೃಶ್ಯಗಳನ್ನು ಸೆರೆಹಿಡಿದು ಹರಿಯಬಿಡಲಾಯಿತು. ಅವುಗಳ ಕೆಳಗಿದ್ದ ಹೀನ ಟಿಪ್ಪಣಿಗಳನ್ನು ಅದೇ ವಯಸ್ಸಿನ ಸಾವಿರಾರು ಹುಡುಗಿಯರು ಓದಿದರು. ಅದಕ್ಕೂ ಮುಂಚೆ, ಆ ವರ್ಷದ ಜನವರಿ 1ರಂದು, 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟಂತೆ ತೋರಿಸಲಾಗಿತ್ತು. ಆ ಪ್ರಕರಣದಲ್ಲಿ ಮೊದಲು ಬಂಧಿತರಾದವರು ಇಪ್ಪತ್ತರ ಆಸುಪಾಸಿನವರು. ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ದ್ವೇಷಕ್ಕೆ ಗುರಿಯಾಗುವವರ ಮನಸ್ಸನ್ನಷ್ಟೇ ಈ ಯಂತ್ರ ಕೆಡಿಸುವುದಿಲ್ಲ, ದ್ವೇಷಿಸುವ ಎಳೆಯರ ಬದುಕನ್ನೂ ನುಂಗುತ್ತದೆ.

ಇದಕ್ಕೆ ಉತ್ತರವಾಗಿ ನಮ್ಮ ಹುಡುಗರು 'ದೀನಿ' ರೀಲ್ಸ್ ನೋಡಲಿ ಎನ್ನುವವರಿದ್ದಾರೆ. ಒಳ್ಳೆಯ ಉಪನ್ಯಾಸಗಳು ಇವೆ, ನಿಜ. ಆದರೆ ಧರ್ಮದ ಹೊದಿಕೆ ಹಾಕಿದ ಮಾತ್ರಕ್ಕೆ ಯಂತ್ರದ ಗುಣ ಬದಲಾಗದು. ಒಬ್ಬ ವಿದ್ವಾಂಸರನ್ನು ಇನ್ನೊಬ್ಬರು ಹೀಯಾಳಿಸುವ ಅರ್ಧ ನಿಮಿಷದ ತುಣುಕು, ಒಂದು ಪಂಗಡವನ್ನು ದಾರಿಗೆಟ್ಟವರೆಂದು ಸಾರುವ ಗದ್ದಲ, ಯಾರದೋ ಮಗಳ ಫೋಟೊ ಹಾಕಿ 'ಇವಳಿಗೆ ಹಯಾ ಇಲ್ಲ' ಎನ್ನುವ ಫಾರ್ವರ್ಡ್, ಇವುಗಳಿಗೇ ಅಲ್ಲಿ ಹೆಚ್ಚು ಮೆಚ್ಚುಗೆ. ಪರಿಹಾಸ್ಯ ಮಾಡದಿರಿ, ಕೆಟ್ಟ ಹೆಸರಿಟ್ಟು ಕರೆಯದಿರಿ, ಗುಮಾನಿಪಡದಿರಿ, ಪರರ ಗುಟ್ಟು ಕೆದಕದಿರಿ, ಬೆನ್ನ ಹಿಂದೆ ಆಡದಿರಿ ಎಂದು ಸೂರಃ ಅಲ್‌ಹುಜುರಾತ್ ಸಾಲಾಗಿ ವಿರೋಧಿಸಿದ ಎಲ್ಲವೂ ಇಲ್ಲಿ ಪುಣ್ಯದ ವೇಷದಲ್ಲಿ ನಡೆಯುತ್ತವೆ. ಇದನ್ನು ನೋಡುತ್ತಾ ಬೆಳೆದ ಹುಡುಗ ಧರ್ಮವೆಂದರೆ ಇನ್ನೊಬ್ಬರ ತಪ್ಪು ಹುಡುಕುವುದೆಂದು ಕಲಿಯುತ್ತಾನೆ. ಹುಡುಗಿ, ಸಮುದಾಯವೆಂದರೆ ತನ್ನ ಫೋಟೊಗಾಗಿ ಕಾದು ಕುಳಿತ ಗುಂಪೆಂದು ಕಲಿಯುತ್ತಾಳೆ.

ಮೊದಲು ಹೇಳಿದ ಭಯದ ಬೇರು ಇಲ್ಲಿಯೇ ಇದೆ. ಅಪರಿಚಿತನೊಬ್ಬ ಸಂದೇಶ ಕಳುಹಿಸುತ್ತಾನೆ. ಹುಡುಗಿ ಒಂದು ಸಲ ಉತ್ತರಿಸುತ್ತಾಳೆ. ಅವನು ಅವಳ ಚಿತ್ರವನ್ನು ತಿರುಚಿ, 'ನಿನ್ನ ಅಬ್ಬಾಗೆ ಕಳುಹಿಸುತ್ತೇನೆ' ಎಂದು ಬೆದರಿಸುತ್ತಾನೆ. ಅವನ ಶಕ್ತಿಯೆಲ್ಲ ಎಲ್ಲಿದೆ? ಆ ಚಿತ್ರದಲ್ಲಿ ಇಲ್ಲ. 'ಅಬ್ಬಾಗೆ ತಿಳಿದರೆ ಓದು ನಿಲ್ಲುತ್ತದೆ, ಅಮ್ಮಿ ತಲೆ ಚಚ್ಚಿಕೊಳ್ಳುತ್ತಾರೆ, ಅಣ್ಣ ಹೊಡೆಯುತ್ತಾನೆ' ಎಂಬ ಅವಳ ಖಾತ್ರಿಯಲ್ಲಿದೆ. ಬೆದರಿಸುವವನ ಕೈಗೆ ಆಯುಧ ಕೊಟ್ಟವರು ಮನೆಯವರೇ ಎಂಬ ಕಹಿ ಸತ್ಯವನ್ನು ಸಮುದಾಯದ ಹಿರಿಯರು ಇನ್ನಾದರೂ ನುಂಗಿಕೊಳ್ಳಬೇಕು. ಹುಡುಗರ ಪಾಡೂ ಬೇರೆಯಲ್ಲ. ಆನ್‌ಲೈನ್ ಆಟದಲ್ಲಿ ಹಣ ಕಳೆದವನು, ಅಶ್ಲೀಲ ಕರೆಯ ಬಲೆಗೆ ಬಿದ್ದವನು, ಗೆಳೆಯರ ಗುಂಪಿನಲ್ಲಿ ನಗೆಪಾಟಲಾದವನು, 'ಗಂಡಸಾಗಿ ಅಳುತ್ತೀಯಾ' ಎಂಬ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾನೆ.

ಪ್ರೀತಿಯಿರುವ ಮನೆಯಲ್ಲಿ ಇಂತಹುದು ನಡೆಯದು ಎಂದು ಯಾರೂ ನಿಶ್ಚಿಂತರಾಗಬಾರದು. ಲಂಡನ್ನಿನ ಮಾಲಿ ರಸೆಲ್ ಎಂಬ 14 ವರ್ಷದ ಬಾಲಕಿ 2017ರ ನವೆಂಬರ್‌ನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಮ್‌ನಲ್ಲಿ ಉಳಿಸಿಕೊಂಡ, ಮೆಚ್ಚಿದ ಅಥವಾ ಹಂಚಿಕೊಂಡ ಹದಿನಾರು ಸಾವಿರಕ್ಕೂ ಹೆಚ್ಚು ಪೋಸ್ಟ್‌ಗಳಲ್ಲಿ ಸುಮಾರು 2,100 ಖಿನ್ನತೆ, ಸ್ವಹಾನಿ ಮತ್ತು ಆತ್ಮಹತ್ಯೆಗೆ ಸಂಬಂಧಿಸಿದ್ದವು. ಅವಳ ಸಾವಿಗೆ ಜಾಲತಾಣದ ದುಷ್ಪರಿಣಾಮವೂ ಕಾರಣವೆಂದು 2022ರಲ್ಲಿ ಅಲ್ಲಿನ ವಿಚಾರಣಾಧಿಕಾರಿ ತೀರ್ಮಾನಿಸಿದರು. ಅವಳನ್ನು ಪ್ರೀತಿಸುತ್ತಿದ್ದ ತಂದೆತಾಯಿಗೆ ಆ ಫೋನಿನೊಳಗೆ ನಡೆಯುತ್ತಿದ್ದುದರ ಸುಳಿವೇ ಇರಲಿಲ್ಲ.

ಹಾಗಾದರೆ ಮಗು ಯಾರ ಬಳಿಗೆ ಹೋಗಬೇಕು? ಸೂರಃ ಯೂಸುಫ್ ಆರಂಭವಾಗುವುದೇ ಈ ಪ್ರಶ್ನೆಯ ಉತ್ತರದೊಂದಿಗೆ. ಬಾಲಕ ಯೂಸುಫ್(ಅ) ತನ್ನ ವಿಚಿತ್ರ ಕನಸನ್ನು ಮೊದಲು ಹೇಳಿಕೊಂಡದ್ದು ತಂದೆಯ ಬಳಿ. ಯಾಕೂಬ್(ಅ) ಅವರು ಗದರಿಸಲಿಲ್ಲ, ನಗಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಬಳಿಕ, ಇದನ್ನು ನಿನ್ನ ಸಹೋದರರಿಗೆ ಹೇಳಬೇಡ, ಅವರು ಸಂಚು ಹೂಡಿಯಾರು ಎಂದು ಎಚ್ಚರಿಸಿದರು. ಮನದ ಮಾತನ್ನು ಎಲ್ಲರೆದುರು ತೆರೆದಿಡಬಾರದೆಂಬ ಪಾಠ ಮಗುವಿನ ಕಿವಿಗೆ ಬಿದ್ದದ್ದು, ಕೇಳುವ ತಂದೆಯೊಬ್ಬರು ಇದ್ದುದರಿಂದ. ಇಂದಿನ ಮಗು ತನ್ನ ಕನಸನ್ನೂ ಕಣ್ಣೀರನ್ನೂ ಸ್ಟೇಟಸ್‌ನಲ್ಲಿ ಅಪರಿಚಿತರಿಗೆ ತೋರಿಸುತ್ತಿದ್ದರೆ, ಮನೆಯಲ್ಲಿ ಕೇಳುವ ಕಿವಿ ಎಲ್ಲಿತ್ತು ಎಂದೂ ವಿಚಾರಿಸಬೇಕು.

ಇನ್ನೊಂದು ಘಟನೆ ಮುಸ್ನದ್ ಅಹ್ಮದ್‌ನಲ್ಲಿದೆ. ಒಬ್ಬ ಯುವಕ ಪ್ರವಾದಿವರ್ಯರ(ಸ) ಬಳಿಗೆ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ಸುತ್ತಲಿದ್ದವರು ಗದರಿಸಿದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕರೆದು ಕೂರಿಸಿದರು. ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಯಾರಾದರೂ ಹೀಗೆ ಮಾಡುವುದನ್ನು ಒಪ್ಪುತ್ತೀಯಾ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂತಹ ಪ್ರಶ್ನೆಯನ್ನು ಆ ಯುವಕ ನಿರ್ಭಯವಾಗಿ ಕೇಳಬಹುದಾದ ವ್ಯಕ್ತಿ ಅಲ್ಲಾಹನ ಸಂದೇಶವಾಹಕರಾಗಿದ್ದರು. ನಮ್ಮ ಹುಡುಗನೊಬ್ಬ 'ನಾನು ನೋಡಬಾರದ್ದನ್ನು ನೋಡುತ್ತಿದ್ದೇನೆ, ಬಿಡಲಾಗುತ್ತಿಲ್ಲ' ಎಂದು ತನ್ನ ತಂದೆಗೋ ಇಮಾಮರಿಗೋ ಹೇಳಬಲ್ಲನೇ? ಹೇಳಿದರೆ ಸಂಜೆಯೊಳಗೆ ಅದು ಮೊಹಲ್ಲಾದ ಮಾತಾಗದೆ ಇರುವುದೇ? ತನ್ನ ಸಹೋದರನ ಕುಂದನ್ನು ಮುಚ್ಚಿಟ್ಟವನ ಕುಂದನ್ನು ಅಲ್ಲಾಹನು ಮುಚ್ಚಿಡುವನೆಂಬ ಹದೀಸನ್ನು ನಾವು ಎಷ್ಟು ಬಾರಿ ಕೇಳಿಲ್ಲ!

'ಹಾಗಾದರೆ ಮಕ್ಕಳು ಏನು ಬೇಕಾದರೂ ಮಾಡಲಿ ಎನ್ನುತ್ತೀರಾ?' ಎಂದು ಕೇಳುವವರಿಗೆ ನಮ್ಮ ಉತ್ತರ: ಖಂಡಿತ ಇಲ್ಲ. ನಿಯಮ ಬೇಕು. ಆದರೆ ಅದು ಮನೆಗೆಲ್ಲ ಒಂದೇ ಆಗಿರಬೇಕು. ಇನ್‌ಸ್ಟಾಗ್ರಾಮ್ ತಾನೇ 13 ವರ್ಷಕ್ಕಿಂತ ಕಿರಿಯರಿಗೆ ಖಾತೆ ಕೊಡುವುದಿಲ್ಲವೆನ್ನುತ್ತದೆ. ಹತ್ತು ವರ್ಷದ ಮಗುವಿಗೆ ಸುಳ್ಳು ಜನ್ಮವರ್ಷ ಹಾಕಿ ಖಾತೆ ತೆರೆದುಕೊಡುವ ಹಿರಿಯರು ಆ ಮಗುವಿಗೆ ಮೊದಲ ಪಾಠವಾಗಿ ಕಲಿಸುವುದು ಸುಳ್ಳನ್ನೇ. ಇಶಾದ ಬಳಿಕ ಮನೆಯ ಎಲ್ಲ ಫೋನುಗಳೂ, ಅಬ್ಬಾನದ್ದೂ ಸೇರಿ, ಮಲಗುವ ಕೋಣೆಯ ಹೊರಗೆ ಒಂದು ಕಡೆ ಇರಲಿ. ಊಟದ ದಸ್ತರ್‌ಖಾನ್ ಮೇಲೆ ಫೋನು ಬೇಡ. ಮಗಳ ಖಾತೆಯನ್ನು ತಪಾಸಣೆ ಮಾಡುವ ತಾಯಿ ಮಗನದ್ದನ್ನು ನೋಡದೆ ಬಿಟ್ಟರೆ, ಅದು ತರಬಿಯ್ಯತ್ ಅಲ್ಲ, ಪಕ್ಷಪಾತ. ದೃಷ್ಟಿಯನ್ನು ತಗ್ಗಿಸುವ ಆದೇಶವನ್ನು ಸೂರಃ ಅನ್ನೂರ್ ಮೊದಲು ಪುರುಷರಿಗೆ ನೀಡಿದೆ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮೊದಲು, ಪ್ರತಿ ಮನೆಯಲ್ಲೂ ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕು: 'ಫೋನಿನಲ್ಲಿ ಏನೇ ಆದರೂ ಮೊದಲು ನಮಗೆ ಹೇಳು. ನಿನ್ನ ಓದು ನಿಲ್ಲುವುದಿಲ್ಲ.' ಆ ಮಾತನ್ನು ಉಳಿಸಿಕೊಳ್ಳಬೇಕು. ಬೆದರಿಕೆ ಬಂದಾಗ ಸಂದೇಶಗಳನ್ನು ಅಳಿಸದೆ ಉಳಿಸಿ, ಹಣ ಕೊಡದೆ ದೂರು ನೀಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಪ್ರತ್ಯೇಕ ವಿಭಾಗವಿದೆ, ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಸಂತ್ರಸ್ತರ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಮಗು ವಾರಗಟ್ಟಲೆ ಮಂಕಾಗಿ, ಊಟ ನಿದ್ರೆ ಬಿಟ್ಟು ಕುಳಿತರೆ ಅದನ್ನು ನಝರ್ ಎಂದು ತಳ್ಳಿಹಾಕಬಾರದು. ಪ್ರಾರ್ಥನೆಯನ್ನೂ ಮಾಡೋಣ, ವೈದ್ಯರ ಬಳಿಗೂ ಹೋಗೋಣ. ಎರಡಕ್ಕೂ ನಮ್ಮ ದೀನ್‌ನಲ್ಲಿ ಜಾಗವಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಜಮಾಅತ್‌ಗಳಿಗೂ ಒಂದು ಮಾತು. ಫೋನು ಬಿಡಿ ಎನ್ನುವ ಮುತವಲ್ಲಿಗಳು, ಬಿಟ್ಟ ಮೇಲೆ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಬೇಕು. ಹುಡುಗರಿಗೆ ಸಂಜೆ ಆಡಲು ಮೈದಾನ, ಹುಡುಗಿಯರಿಗೆ ಕೂತು ಓದಲು, ನಗಲು ಒಂದು ಕೋಣೆ, ನಾಲ್ಕು ಕನ್ನಡ ಪುಸ್ತಕಗಳ ಕಪಾಟು, ಇವುಗಳಿಗೆ ಮಸೀದಿಯ ಅಮೃತಶಿಲೆಯಷ್ಟು ಖರ್ಚು ತಗಲದು. ನಮ್ಮ ಹುಡುಗಿಯರಿಗೆ ಮನೆ ಮತ್ತು ಕಾಲೇಜಿನ ನಡುವೆ ಮೂರನೆಯ ಜಾಗವೇ ಇಲ್ಲ. ಆ ಜಾಗವನ್ನು ಇನ್‌ಸ್ಟಾಗ್ರಾಮ್ ತುಂಬಿದರೆ ಅಚ್ಚರಿಯೇನು?

ಕಾನೂನು ಬರಲಿ ಎಂದು ಕಾಯುವವರೂ ಇದ್ದಾರೆ. ಆಸ್ಟ್ರೇಲಿಯಾವು 16 ವರ್ಷದೊಳಗಿನವರ ಖಾತೆಗಳನ್ನು ತಡೆಯುವ ಕಾನೂನನ್ನು 2025ರ ಡಿಸೆಂಬರ್ 10ರಿಂದ ಜಾರಿಗೊಳಿಸಿತು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕೂಡ ಶಾಲಾ ಮಕ್ಕಳಿಗೆ ಜಾಲತಾಣ ನಿಷೇಧಿಸುವುದು ಒಳ್ಳೆಯದೆಂದು ವಿಚಾರಣೆಯ ವೇಳೆ ಮೌಖಿಕವಾಗಿ ಅಭಿಪ್ರಾಯಪಟ್ಟಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅವರ ನಡವಳಿಕೆಯನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಇವೆಲ್ಲ ಬೇಕು. ಕೋಟಿಗಟ್ಟಲೆ ಲಾಭ ಮಾಡುವ ಸಂಸ್ಥೆಗಳನ್ನು ಬಿಟ್ಟು ಮಗುವನ್ನು ಮಾತ್ರ ಶಿಕ್ಷಿಸುವುದು ಅನ್ಯಾಯ. ಆದರೆ ಫೋನಿನ ಲಾಕ್ ತೆರೆಯುವ ಕಾನೂನು ಮಗುವಿನ ಬಾಯಿ ತೆರೆಯಿಸಲಾರದು. ಅದು ಮನೆಯ ಕೆಲಸ.

ನಿಮ್ಮಲ್ಲಿ ಪ್ರತಿಯೊಬ್ಬರೂ ಪಾಲಕರು, ಪ್ರತಿಯೊಬ್ಬರೂ ತಮ್ಮ ಪಾಲನೆಯಲ್ಲಿರುವವರ ಕುರಿತು ಪ್ರಶ್ನಿಸಲ್ಪಡುವರು ಎಂಬ ಅರ್ಥದ ಪ್ರವಾದಿ ವಚನವನ್ನು ಬಲ್ಲವರು ನಾವು. ಕುರಿ ಕಾಯುವವನು ಬೇಲಿ ಹಾಕುತ್ತಾನೆ, ಸರಿ. ಗಾಯಗೊಂಡ ಕುರಿಯು ಅವನ ದನಿ ಕೇಳಿ ಹತ್ತಿರ ಬರಬೇಕೇ ಹೊರತು ಓಡಿ ಹೋಗಬಾರದು. ಇಂದು ರಾತ್ರಿ ಮಕ್ಕಳ ಕೈಯಿಂದ ಫೋನು ತೆಗೆದಿರಿಸುವ ಪ್ರತಿ ತಂದೆಯೂ ತಾಯಿಯೂ ಹತ್ತು ನಿಮಿಷ ಅವರ ಬಳಿ ಕುಳಿತು ಅವರ ಮಾತನ್ನು ಕೇಳಲಿ. ಅವರು ಹೇಳುವುದು ನಮಗೆ ಇಷ್ಟವಾಗದಿದ್ದರೂ ಕೇಳಿ ಮುಗಿಸುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.